ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ಮೊದಲು ತರಬೇತಿ ಕೊಡಿ: ಬಹುರಾಷ್ಟ್ರೀಯ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಹಲವು ದೇಶಗಳಲ್ಲಿ ವಹಿವಾಟು ನಡೆಸುವ ಕಂಪನಿಗಳ ಆಡಳಿತ ಮಂಡಳಿಗಳಿಗೆ. ಮಾನವ ಸಂಪನ್ಮೂಲ, ಖರೀದಿ ಮತ್ತು ಮಾರಾಟ ವಿಭಾಗಗಳ ಮುಖ್ಯಸ್ಥರಿಗೆ

ವಿಷಯ: ಇಂಗ್ಲಿಷ್ ಮನೆಮಾತಲ್ಲದ ಸಹೋದ್ಯೋಗಿಗಳು, ಗ್ರಾಹಕರು ಮತ್ತು ಪೂರೈಕೆದಾರರ ಜೊತೆ ವ್ಯವಹರಿಸುವ ಕ್ರಮ

ಮಾನ್ಯರೇ,

ಭಾಷೆಯ ತೊಡಕಿನಿಂದ ಒಂದು ಆರ್ಡರ್ ಕೈತಪ್ಪಿದರೆ ಅಥವಾ ಒಂದು ಸರಕು ತಪ್ಪು ಬಂದರಿಗೆ ಹೋದರೆ ಕಂಪನಿಗಳು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಇಂಗ್ಲಿಷ್ ಅಷ್ಟಾಗಿ ಬಾರದವರನ್ನು ಗುರುತಿಸಿ ತರಗತಿಗೆ ಹಾಕುವುದು. ತರಗತಿ ಬೇಡ ಎನ್ನುತ್ತಿಲ್ಲ. ಆದರೆ ಲೆಕ್ಕ ನೋಡಿ. ಯುರೋಪಿನ ಸಾಮಾನ್ಯ ಭಾಷಾ ಮಾನದಂಡದಲ್ಲಿ ಎ1ರಿಂದ ಸಿ2ವರೆಗೆ ಆರು ಹಂತಗಳಿವೆ. ಬಿ1ರಿಂದ ಬಿ2ಕ್ಕೆ ಏರಲು, ಅಂದರೆ ‘ಹೇಗೋ ನಿಭಾಯಿಸುತ್ತಾರೆ’ ಎಂಬಲ್ಲಿಂದ ‘ಚರ್ಚೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ’ ಎಂಬಲ್ಲಿಗೆ ಬರಲು, ಶಿಕ್ಷಕರ ಜೊತೆ ಸುಮಾರು 150ರಿಂದ 200 ಗಂಟೆ ಬೇಕು. ವಾರಕ್ಕೊಂದು ಗಂಟೆಯ ತರಗತಿಯಾದರೆ ಮೂರು ನಾಲ್ಕು ವರ್ಷ. ಅದೇ, ಇಂಗ್ಲಿಷನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವವರು ತಮ್ಮ ಮಾತನ್ನೂ ಇಮೇಲನ್ನೂ ಎಲ್ಲರಿಗೂ ತಿಳಿಯುವಂತೆ ತಿದ್ದಿಕೊಳ್ಳಲು ಅರ್ಧ ದಿನದ ತರಬೇತಿ, ಕೆಲವು ವಾರಗಳ ರೂಢಿ ಸಾಕು. ಹಾಗಿದ್ದೂ ಭಾರವೆಲ್ಲ ಮೊದಲನೆಯವರ ತಲೆಯ ಮೇಲೆ. ಎರಡನೆಯವರಿಗೆ ಯಾರೂ ಒಂದು ಮಾತು ಹೇಳುವುದಿಲ್ಲ.

ನಾವು ಅನುವಾದ, ದುಭಾಷಿ ಕೆಲಸ, ತಾಂತ್ರಿಕ ಬರವಣಿಗೆ ಮತ್ತು ಭಾಷಾ ತರಬೇತಿಯಲ್ಲಿ ತೊಡಗಿರುವವರು. ಭಾಷೆಯ ತೊಡಕನ್ನು ವ್ಯಕ್ತಿಯ ಕೊರತೆಯೆಂದು ನೋಡುವುದನ್ನು ಬಿಟ್ಟು, ಸುರಕ್ಷತಾ ನಿಯಮಗಳಂತೆ ಅದನ್ನೂ ಕೆಲಸದ ಕ್ರಮದಲ್ಲಿ ಸೇರಿಸಿ ಎಂದು ಕೇಳಲು ಈ ಪತ್ರ. ಜಗತ್ತಿನಲ್ಲಿ ಇಂಗ್ಲಿಷ್ ಬಳಸುವವರು ಸುಮಾರು 150 ಕೋಟಿ. ಅದನ್ನು ಮನೆಮಾತಾಗಿ ಉಳ್ಳವರು 40 ಕೋಟಿಯೊಳಗೆ. ಕಲಿತು ಆಡುವವರೇ ಬಹುಸಂಖ್ಯಾತರಾಗಿರುವಾಗ ನಿಯಮಗಳನ್ನು ಅವರನ್ನು ಬಿಟ್ಟು ಬರೆಯುವುದು ವ್ಯವಹಾರದ ದೃಷ್ಟಿಯಿಂದಲೂ ಜಾಣತನವಲ್ಲ.

ಈ ಪಾಠವನ್ನು ಎರಡು ಕ್ಷೇತ್ರಗಳು ಬಹಳ ಹಿಂದೆಯೇ, ಜೀವಗಳ ಬೆಲೆ ತೆತ್ತು ಕಲಿತಿವೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಹೊರಟಿದ್ದ ಏವಿಯಾಂಕಾ 52 ವಿಮಾನದ ಸಿಬ್ಬಂದಿ ಇಂಧನ ಮುಗಿಯುತ್ತಿದೆ ಎಂದರು, ‘ಪ್ರಯಾರಿಟಿ’ ಬೇಕೆಂದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ಬಳಸಲಿಲ್ಲ. ನೆಲದ ಮೇಲಿನ ನಿಯಂತ್ರಕರಿಗೆ ಪರಿಸ್ಥಿತಿಯ ತೀವ್ರತೆ ಮುಟ್ಟಲಿಲ್ಲ. ಲಾಂಗ್ ಐಲೆಂಡಿನಲ್ಲಿ ವಿಮಾನ ನೆಲಕ್ಕಪ್ಪಳಿಸಿ, ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಪೈಲಟ್‌ಗಳಿಗೂ ನಿಯಂತ್ರಕರಿಗೂ ಭಾಷಾ ಸಾಮರ್ಥ್ಯದ ಮಟ್ಟಗಳನ್ನು ಗೊತ್ತುಮಾಡಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳು 2003ರಲ್ಲಿ ಅಂಗೀಕಾರವಾಗಿ 2008ರ ಮಾರ್ಚ್‌ನಿಂದ ಅನ್ವಯವಾದವು. ಆರು ಮಟ್ಟಗಳಲ್ಲಿ ನಾಲ್ಕನೆಯದು ಕನಿಷ್ಠ. ಈ ನಿಯಮಗಳಲ್ಲಿ ನೀವು ಗಮನಿಸಬೇಕಾದ್ದು, ಇಂಗ್ಲಿಷ್ ಮನೆಮಾತಿನವರಿಗೂ ಅಲ್ಲಿ ವಿನಾಯಿತಿ ಇಲ್ಲ ಎಂಬುದು. ವೈಮಾನಿಕ ಸಮುದಾಯಕ್ಕೆ ತಿಳಿಯುವಂಥ ಉಚ್ಚಾರಣೆಯಲ್ಲೇ ಮಾತಾಡಬೇಕು, ಸಂದೇಹ ಬಂದಲ್ಲಿ ಪರಿಶೀಲಿಸಿ ಖಚಿತಪಡಿಸಿಕೊಳ್ಳಬೇಕು ಎಂಬುದು ಎಲ್ಲರಿಗೂ ಅನ್ವಯ. ತಮ್ಮ ಊರಿನ ನುಡಿಗಟ್ಟುಗಳನ್ನು ವೇಗವಾಗಿ ಉದುರಿಸುವ ಪೈಲಟ್ ಅಲ್ಲಿ ‘ಭಾಷಾ ಪ್ರವೀಣ’ ಅಲ್ಲ.

ಹಡಗುಗಳ ಲೋಕದ ಕ್ರಮ ಕಚೇರಿಗೆ ಇನ್ನೂ ಹತ್ತಿರ. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ಪ್ರಮಾಣಿತ ಸಂವಹನ ನುಡಿಗಟ್ಟುಗಳಲ್ಲಿ, ಪ್ರತಿ ಸಂದೇಶದ ಮೊದಲಿಗೆ ಅದು ಯಾವ ಬಗೆಯದು ಎಂದು ಹೇಳುವ ಎಂಟು ಗುರುತುಪದಗಳಿವೆ: ಸೂಚನೆ, ಸಲಹೆ, ಎಚ್ಚರಿಕೆ, ಮಾಹಿತಿ, ಪ್ರಶ್ನೆ, ಉತ್ತರ, ಕೋರಿಕೆ, ಉದ್ದೇಶ. ‘ಮೇ’, ‘ಮೈಟ್’, ‘ಶುಡ್’, ‘ಕುಡ್’ ಮುಂತಾದ ತೂಗುಯ್ಯಾಲೆ ಪದಗಳನ್ನು ಆದಷ್ಟೂ ಬಿಡಿ ಎಂದು ಅದು ಹೇಳುತ್ತದೆ. ಇದನ್ನು ನಿಮ್ಮ ಮೇಲ್‌ಗಳ ವಿಷಯದ ಸಾಲಿಗೆ ನಾಳೆಯೇ ತರಬಹುದು. ‘ಹಾಯ್, ಕ್ವಿಕ್ ಥಾಟ್’ ಎಂಬ ಶೀರ್ಷಿಕೆಯ ಮೇಲ್ ಬಂದರೆ ಇಂಗ್ಲಿಷ್ ಕಲಿತು ಓದುವವರು ಮೂರು ಪ್ಯಾರಾ ಓದಿದ ಮೇಲೂ ತಮ್ಮಿಂದ ಏನಾದರೂ ಆಗಬೇಕೇ ಇಲ್ಲವೇ ಎಂದು ತಿಳಿಯದೆ ಕೂರುತ್ತಾರೆ. ‘ಕೋರಿಕೆ: ಪರೀಕ್ಷಾ ವರದಿಗೆ ಸಹಿ, ಗಡುವು 2026-05-14, 12:00 ಯುಟಿಸಿ’ ಎಂದರೆ ಆ ಪ್ರಶ್ನೆಯೇ ಏಳುವುದಿಲ್ಲ (ಯುಟಿಸಿ ಎಂದರೆ ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯ).

ಮೇಲ್‌ನ ಒಳಗಿನ ಬರಹಕ್ಕೂ ಸಿದ್ಧ ಅಳತೆಗಳಿವೆ. ವಿಮಾನಗಳ ನಿರ್ವಹಣಾ ಕೈಪಿಡಿಗಳಿಗಾಗಿ ಯುರೋಪಿನ ವಿಮಾನ ಉದ್ಯಮ ರೂಪಿಸಿದ ಸರಳೀಕೃತ ತಾಂತ್ರಿಕ ಇಂಗ್ಲಿಷಿನ ಮೊದಲ ಕೈಪಿಡಿ ಬಂದದ್ದು 1986ರಲ್ಲಿ. ಇಂದಿಗೂ ಬಳಕೆಯಲ್ಲಿರುವ ಆ ಮಾನದಂಡದ ಪ್ರಕಾರ ಕೆಲಸ ಹೇಳುವ ವಾಕ್ಯದಲ್ಲಿ 20 ಪದ ಮೀರಬಾರದು, ವಿವರಣೆಯ ವಾಕ್ಯದಲ್ಲಿ 25 ಮೀರಬಾರದು, ಪ್ಯಾರಾದಲ್ಲಿ ಆರು ವಾಕ್ಯ ದಾಟಬಾರದು. ಒಂದು ವಾಕ್ಯಕ್ಕೆ ಒಂದೇ ಸೂಚನೆ, ಒಂದು ಪದಕ್ಕೆ ಒಂದೇ ಅರ್ಥ. ಕೊನೆಯದನ್ನು ಪಾಲಿಸುವುದು ಚೆನ್ನಾಗಿ ಬರೆಯುವವರಿಗೇ ಬಹಳ ಕಷ್ಟ. ಒಂದೇ ಪದ ಮರುಕಳಿಸಬಾರದು ಎಂದು ಶಾಲೆಯಲ್ಲಿ ಕಲಿತವರು ಮೊದಲ ಸಾಲಿನಲ್ಲಿ ‘ಕ್ಲೈಂಟ್’, ಎರಡನೆಯದರಲ್ಲಿ ‘ಕಸ್ಟಮರ್’, ಮೂರನೆಯದರಲ್ಲಿ ‘ಅಕೌಂಟ್’ ಎಂದು ಬರೆಯುತ್ತಾರೆ. ಓದುವವರು ಮೂರು ಬೇರೆ ಬೇರೆ ಪಾರ್ಟಿಗಳಿದ್ದಾರೆಂದು ತಿಳಿಯುತ್ತಾರೆ. ಅನುವಾದ ತಂತ್ರಾಂಶವೂ ಹಾಗೆಯೇ ತಿಳಿಯುತ್ತದೆ. ಜೊತೆಗೆ ‘ಪುಟ್ ಆಫ್’, ‘ಕಾಲ್ ಆಫ್’, ‘ಪುಟ್ ಅಪ್ ವಿತ್’ ಥರದ ಜೋಡಿ ಕ್ರಿಯಾಪದಗಳು. ಪುಟ್ಟ ಪದಗಳಾದ್ದರಿಂದ ಸುಲಭವೆಂದು ಬರೆದವರ ನಂಬಿಕೆ. ಓದುವವರಿಗೆ ‘ಪೋಸ್ಟ್‌ಪೋನ್’, ‘ಕ್ಯಾನ್ಸಲ್’, ‘ಟಾಲರೇಟ್’ ಎಂಬ ಉದ್ದ ಪದಗಳೇ ಸುಲಭ, ಏಕೆಂದರೆ ನಿಘಂಟಿನಲ್ಲಿ ಅವು ಒಂದೇ ಕಡೆ ಒಂದೇ ಅರ್ಥದಲ್ಲಿ ಸಿಗುತ್ತವೆ.

ಇನ್ನು ಮೀಟಿಂಗು. ಹೆಚ್ಚು ನಷ್ಟವಾಗುವುದು ಇಲ್ಲೇ, ಮತ್ತು ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ.

ಕಲಿತ ಭಾಷೆಯಲ್ಲಿ ಚರ್ಚೆ ಕೇಳುವವರ ತಲೆಯಲ್ಲಿ ಒಟ್ಟಿಗೆ ಮೂರು ಕೆಲಸ ನಡೆಯುತ್ತಿರುತ್ತವೆ: ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಅಭಿಪ್ರಾಯ ರೂಪಿಸುವುದು, ಅದನ್ನು ಹೇಳಲು ವಾಕ್ಯ ಕಟ್ಟುವುದು. ವಾಕ್ಯ ಸಿದ್ಧವಾಗುವ ಹೊತ್ತಿಗೆ ಚರ್ಚೆ ಎರಡು ವಿಷಯ ಮುಂದೆ ಹೋಗಿರುತ್ತದೆ. ಸರಾಗವಾಗಿ ಮಾತಾಡುವವರೋ ಒಬ್ಬರ ಮಾತಿನ ಕೊನೆಗೇ ಇನ್ನೊಬ್ಬರು ಕೊಂಡಿ ಹಾಕುತ್ತಾರೆ. ನಡುವೆ ತೂರಲು ಸಂದಿಯೇ ಇರುವುದಿಲ್ಲ. ಹಾಗಾಗಿ ಸುಮ್ಮನಿದ್ದವರನ್ನು ‘ಅವರಿಗೆ ಹೇಳುವುದೇನೂ ಇಲ್ಲ’ ಎಂದು ಬಗೆಯಲಾಗುತ್ತದೆ. ಆ ಭಾಗದ ಮಾರುಕಟ್ಟೆಯನ್ನು ಬಲ್ಲ ಏಕೈಕ ವ್ಯಕ್ತಿ ಅವರೇ ಆಗಿರಬಹುದು.

ಇದಕ್ಕೆ ಮದ್ದು ಅಧ್ಯಕ್ಷತೆ ವಹಿಸುವವರ ಕೈಯಲ್ಲಿದೆ. ಎರಡು ಕೆಲಸದ ದಿನ ಮೊದಲೇ ಕಾರ್ಯಸೂಚಿ ಕಳಿಸಿ. ‘ಬೆಲೆ ವಿಚಾರ’ ಎಂದಲ್ಲ, ‘ಮೂರನೇ ತ್ರೈಮಾಸಿಕಕ್ಕೆ ಬೆಲೆ ಏರಿಸಬೇಕೇ, ಎಷ್ಟು?’ ಎಂದು ಪ್ರಶ್ನೆಯ ರೂಪದಲ್ಲಿ. ಪ್ರಶ್ನೆ ಮೊದಲೇ ಸಿಕ್ಕರೆ ಉತ್ತರದ ವಾಕ್ಯಗಳು ಸಿದ್ಧವಾಗಿ ಬರುತ್ತವೆ. ಮುಖ್ಯ ವಿಷಯಕ್ಕೆ ಬಂದಾಗ ಎರಡು ನಿಮಿಷ ಎಲ್ಲರೂ ಮೌನವಾಗಿ ತಮ್ಮ ಅಭಿಪ್ರಾಯವನ್ನು ಹಂಚಿಕೊಂಡ ಕಡತದಲ್ಲಿ ಬರೆಯಲಿ, ಆಮೇಲೆ ಮಾತು. ಸರದಿಯ ಪ್ರಕಾರ ಕೇಳಿ, ಮೊದಲ ಸರದಿಯನ್ನು ಸರಾಗ ಮಾತಿನವರಿಗೆ ಕೊಡಬೇಡಿ. ಪ್ರಶ್ನೆ ಕೇಳಿದ ಮೇಲೆ ಐದಾರು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ. ಇದು ಹೇಳಿದಷ್ಟು ಸುಲಭವಲ್ಲ; ಮೂರನೇ ಸೆಕೆಂಡಿಗೆ ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಿಬಿಡುವ ಚಟ ಬಹಳ ಜನರಿಗಿದೆ. ಆಗ ಮೊದಲ ಪ್ರಶ್ನೆಗೆ ಉತ್ತರ ಕಟ್ಟುತ್ತಿದ್ದವರು ಎರಡನೆಯದನ್ನು ಮತ್ತೆ ಬುಡದಿಂದ ಬಿಡಿಸಬೇಕು. ಮತ್ತೊಮ್ಮೆ ಹೇಳಿ ಎಂದು ಯಾರಾದರೂ ಕೋರಿದರೂ ಅಷ್ಟೇ: ಮೊದಲು ಅವೇ ಪದಗಳಲ್ಲಿ, ನಿಧಾನವಾಗಿ ಹೇಳಿ. ಆಗಲೂ ತಿಳಿಯದಿದ್ದರೆ ಮಾತ್ರ ಪದ ಬದಲಿಸಿ. ದನಿ ಏರಿಸುವುದರಿಂದ ಏನೂ ಪ್ರಯೋಜನವಿಲ್ಲ.

‘ಅರ್ಥವಾಯಿತೇ?’ ಎಂದು ಕೇಳಬೇಡಿ. ಅದಕ್ಕೆ ‘ಯೆಸ್’ ಎಂಬ ಒಂದೇ ಉತ್ತರ ಬರುತ್ತದೆ, ಹತ್ತು ಜನರೆದುರು ಇಲ್ಲ ಎನ್ನುವವರು ಅಪರೂಪ. ‘ನಿಮ್ಮ ಕಡೆಯಿಂದ ಮೊದಲ ಹೆಜ್ಜೆ ಯಾವುದು, ಯಾವಾಗ?’ ಎಂದು ಕೇಳಿ. ಪೈಲಟ್ ಪಡೆದ ಅನುಮತಿಯನ್ನು ತಿರುಗಿ ಓದಿ ಹೇಳುವುದು, ನಿಯಂತ್ರಕರು ಅದನ್ನು ಕೇಳಿ ತಿದ್ದುವುದು ಇದೇ ಕಾರಣಕ್ಕೆ. ‘ಇಲ್ಲವೇ’ ಎಂದು ಮುಗಿಯುವ ಪ್ರಶ್ನೆಗಳಂತೂ ಅಪಾಯಕಾರಿ. ‘ನೀವು ಸ್ಯಾಂಪಲ್ ಕಳಿಸಿಲ್ಲವೇ?’ ಎಂದರೆ ಕನ್ನಡದಲ್ಲಿ ‘ಹೌದು, ಕಳಿಸಿಲ್ಲ’ ಎನ್ನುತ್ತೇವೆ; ಜಪಾನಿ, ಕೊರಿಯನ್ ಭಾಷಿಕರದೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಅದೇ ‘ಯೆಸ್’ ಕೇಳಿದವರು ಕಳಿಸಿಯಾಗಿದೆ ಎಂದು ಬರೆದುಕೊಳ್ಳುತ್ತಾರೆ. ‘ಸ್ಯಾಂಪಲ್ ಯಾವ ತಾರೀಖಿನಂದು ಹೊರಟಿತು?’ ಎಂದು ಕೇಳಿದರೆ ಗೊಂದಲವೇ ಇಲ್ಲ.

ಮೀಟಿಂಗು ಮುಗಿದ ದಿನವೇ ನಿರ್ಧಾರಗಳ ಪಟ್ಟಿ ಹೋಗಬೇಕು: ಒಂದೊಂದು ಸಾಲು, ಯಾರು, ಏನು, ಯಾವಾಗ. ತಿದ್ದುಪಡಿಗೆ 24 ಗಂಟೆ ಅವಕಾಶ, ಬರಹದಲ್ಲಿ ಬಂದ ಅಭಿಪ್ರಾಯಕ್ಕೂ ಮಾತಿನಷ್ಟೇ ಬೆಲೆ. ನಡುವೆ ಒಂದೇ ಭಾಷೆಯ ಇಬ್ಬರು ಮೂವರು ತಮ್ಮೊಳಗೆ ಪಿಸುಗುಟ್ಟಿದರೆ ‘ಇಂಗ್ಲಿಷ್ ಪ್ಲೀಸ್’ ಎಂದು ಗದರಬೇಡಿ. ಅವರು ಪಿತೂರಿ ಮಾಡುತ್ತಿಲ್ಲ, ಬಹುತೇಕ ಸಲ ನೀವು ಹೇಳಿದ್ದನ್ನೇ ಬಿಡಿಸಿಕೊಳ್ಳುತ್ತಿರುತ್ತಾರೆ. ಬೇಕೆಂದೇ ಮೂರು ನಿಮಿಷದ ವಿರಾಮ ಕೊಟ್ಟು, ಆಮೇಲೆ ಸಾರವನ್ನು ಎಲ್ಲರಿಗೂ ಹೇಳಲು ಕೋರಿ.

ದನಿಯ ಗುಣಮಟ್ಟದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಳೆಯ ದೂರವಾಣಿ ಜಾಲ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನು ಮಾತ್ರ. ‘ಸ’ ಮತ್ತು ‘ಫ’ಗಳನ್ನು ಬೇರೆ ಮಾಡಿ ತೋರಿಸುವ ಸದ್ದಿನ ಹೆಚ್ಚಿನ ಪಾಲು ಅದಕ್ಕಿಂತ ಮೇಲಿದೆ. ಮನೆಮಾತಿನವರು ತುಂಡಾದ ಪದವನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ, ಕಲಿತವರಿಗೆ ಆ ಸವಲತ್ತು ಕಡಿಮೆ. ಆದ್ದರಿಂದ ಫೋನಿನ ಬದಲು ಇಂಟರ್ನೆಟ್ ಮೂಲಕ ಕರೆ, ಕೋಣೆಯ ನಡುವಿನ ಒಂದೇ ಮೈಕಿನ ಬದಲು ಪ್ರತಿಯೊಬ್ಬರಿಗೂ ಹೆಡ್‌ಸೆಟ್, ಜೊತೆಗೆ ಪರದೆಯ ಮೇಲೆ ಕ್ಯಾಪ್ಷನ್. ಕ್ಯಾಪ್ಷನ್ ಹೆಸರುಗಳನ್ನೂ ಅಂಕಿಗಳನ್ನೂ ತಪ್ಪಾಗಿ ತೋರಿಸುವುದುಂಟು. ಹಾಗಾಗಿ ಅಂಕಿ ಬಂದಾಗಲೆಲ್ಲ ಅದನ್ನು ಚಾಟ್‌ನಲ್ಲಿ ಟೈಪ್ ಮಾಡುವ ರೂಢಿ ಇರಲಿ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಕರೆಯಲ್ಲಿ ಒಂದೇ ಥರ ಕೇಳಿಸುತ್ತವೆ. ‘ಒನ್ ಫೈವ್’, ‘ಫೈವ್ ಝೀರೋ’ ಎಂದರೆ ಆ ಗೊಂದಲ ಇರುವುದಿಲ್ಲ.

ಬರಹದಲ್ಲಿ ಅಂಕಿಗಳ ಅಪಾಯ ಬೇರೆ ರೀತಿಯದು. 03/04 ಎಂದರೆ ಒಬ್ಬರಿಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವರ್ಷ-ತಿಂಗಳು-ದಿನ ಎಂಬ ಕ್ರಮದ ಅಂತರರಾಷ್ಟ್ರೀಯ ಮಾನದಂಡ 1988ರಿಂದಲೇ ಇದೆ, ಬಳಸಿ. 1.250 ಎಂದು ಜರ್ಮನಿಯವರು ಬರೆದರೆ ಸಾವಿರದ ಇನ್ನೂರೈವತ್ತು, ಬ್ರಿಟನ್ನಿನವರು ಓದಿದರೆ ಒಂದೂಕಾಲು. ಕೊಟೇಶನ್‌ನಲ್ಲಿ ದಶಮಾಂಶ ಬೇಡದಿದ್ದರೆ ಚುಕ್ಕಿ, ಅಲ್ಪವಿರಾಮ ಎರಡನ್ನೂ ಬಿಟ್ಟು 1250 ಎಂದೇ ಬರೆಯಿರಿ. ‘ಬಿಲಿಯನ್’ ಇಂಗ್ಲಿಷಿನಲ್ಲಿ ನೂರು ಕೋಟಿ, ಜರ್ಮನ್ನಿನಲ್ಲಿ ಅದೇ ಪದ ಒಂದು ಲಕ್ಷ ಕೋಟಿ. ದೊಡ್ಡ ಮೊತ್ತವನ್ನು ಸೊನ್ನೆಗಳ ಸಮೇತ ಬರೆಯುವುದೇ ಕ್ಷೇಮ. ಬೇಸಿಗೆಯ ಹಗಲಿಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದೆ ಸರಿಸುವ ದಿನ ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ಆ ನಡುವಿನ ವಾರಗಳಲ್ಲಿ ‘ಎಂದಿನ ಸಮಯಕ್ಕೆ’ ಎಂದು ಬರೆದರೆ ಒಂದು ಕಡೆಯವರು ಒಂದು ಗಂಟೆ ತಪ್ಪುವುದು ಖಾತ್ರಿ.

ಸಾಗಣೆಯ ಷರತ್ತುಗಳಿಗೆ ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ತಂದ ಇನ್‌ಕೋಟರ್ಮ್ಸ್ ನಿಯಮಗಳು ಭಾಷೆಗಳನ್ನು ದಾಟುವ ಸಂಕೇತಗಳಿಗೆ ಒಳ್ಳೆಯ ಮಾದರಿ. 2020ರ ಆವೃತ್ತಿಯಲ್ಲಿ ಇರುವುದು 11 ಸಂಕೇತಗಳು. ಆದರೆ ಅವನ್ನೂ ಅರ್ಧಂಬರ್ಧ ಬರೆದರೆ ಕೆಟ್ಟಿತು. ಬರೀ ‘ಎಫ್‌ಒಬಿ’ (ಸರಕು ಹಡಗೇರುವವರೆಗೆ ಮಾರುವವರ ಹೊಣೆ ಎಂಬ ಸಂಕೇತ) ಸಾಲದು: ಇನ್‌ಕೋಟರ್ಮ್ಸ್‌ನಲ್ಲಿ ಅದು ಹಡಗು ಸಾಗಣೆಗೆ ಮಾತ್ರ, ಅಮೆರಿಕದ ಒಳನಾಡಿನ ರೂಢಿಯಲ್ಲಿ ಲಾರಿ ಸಾಗಣೆಗೂ ಬಳಸುತ್ತಾರೆ. ಸಂಕೇತ, ಬಂದರಿನ ಹೆಸರು, ‘ಇನ್‌ಕೋಟರ್ಮ್ಸ್ 2020’ ಈ ಮೂರೂ ಒಂದೇ ಸಾಲಿನಲ್ಲಿರಬೇಕು. ಒಪ್ಪಂದ ಎರಡು ಭಾಷೆಗಳಲ್ಲಿದ್ದರೆ, ವ್ಯತ್ಯಾಸ ಬಂದಾಗ ಯಾವುದು ಅಂತಿಮ ಎಂದು ಬರೆದಿರಬೇಕು, ಎರಡೂ ಭಾಷೆಯ ಪ್ರತಿಗಳು ಸಹಿಗೆ ಮುಂಚೆ ಸಿದ್ಧವಿರಬೇಕು. ಸಹಿಯ ಮರುದಿನ ಅನುವಾದಕ್ಕೆ ಕಳಿಸುವುದು ತೀರಾ ಸಾಮಾನ್ಯವಾದ ಎಡವಟ್ಟು.

ಅನುವಾದ ತಂತ್ರಾಂಶ ಇದೆಯಲ್ಲ ಎಂದು ನೀವು ಕೇಳಬಹುದು. ಬಂದ ಮೇಲ್‌ನ ಸಾರ ತಿಳಿಯಲು ಧಾರಾಳವಾಗಿ ಬಳಸಿ. ಸುರಕ್ಷತಾ ಸೂಚನೆ, ಒಪ್ಪಂದ, ಶಿಸ್ತುಕ್ರಮದ ನೋಟಿಸ್‌ಗಳಿಗೆ ಮನುಷ್ಯರ ಕಣ್ಣು ಬೀಳದೆ ಬೇಡ. ತಂತ್ರಾಂಶದ ತಪ್ಪುಗಳು ಈಗ ಕಣ್ಣಿಗೆ ರಾಚುವುದಿಲ್ಲ. ವಾಕ್ಯ ಸೊಗಸಾಗಿರುತ್ತದೆ, ಒಳಗೆ ‘ಅಲ್ಲ’ ಮಾಯವಾಗಿರುತ್ತದೆ. ಜಪಾನಿಯಂಥ ಭಾಷೆಗಳಲ್ಲಿ ಕರ್ತೃವನ್ನು ಹೇಳದೆ ಬಿಡುವುದು ಸಹಜ. ತಂತ್ರಾಂಶ ಅಲ್ಲಿ ‘ನಾನು’ ಅಥವಾ ‘ಅವರು’ ಎಂದು ಊಹಿಸಿ ತುಂಬುತ್ತದೆ, ಹಣ ಯಾರು ಕೊಡಬೇಕು ಎಂಬುದೇ ತಿರುವುಮುರುವಾಗುತ್ತದೆ. ಉಚಿತ ಸೇವೆಗೆ ಗುಟ್ಟಿನ ಕಡತ ಹಾಕುವುದರ ತೊಂದರೆ ಪ್ರತ್ಯೇಕ. ನಿಮ್ಮ ಉದ್ಯಮದ ಇನ್ನೂರು ಪದಗಳಿಗೆ ಒಪ್ಪಿತ ಸಮಾನಪದಗಳ ಪಟ್ಟಿಯೊಂದನ್ನು ಮಾಡಿಟ್ಟರೆ ಯಂತ್ರಕ್ಕೂ ಮನುಷ್ಯರಿಗೂ ದಾರಿ ಸುಗಮ. ಹೊರಗೆ ಅನುವಾದ ಕೊಟ್ಟಾಗ, ಅನುವಾದಿಸಿದವರಲ್ಲದೆ ಎರಡನೆಯವರೊಬ್ಬರು ಮೂಲದೊಂದಿಗೆ ಹೋಲಿಸಿ ತಿದ್ದಿದ್ದಾರೆಯೇ ಎಂದು ಕೇಳಿ. 2015ರ ಐಎಸ್‌ಒ 17100 ಮಾನದಂಡದಲ್ಲಿ ಇದು ಕಡ್ಡಾಯ.

ದುಭಾಷಿಗಳ ವಿಚಾರದಲ್ಲಿ ನಮ್ಮ ದೂರು ನೇರವಾಗಿಯೇ ಇದೆ. ಏಕಕಾಲಿಕ ಅನುವಾದಕ್ಕೆ ಇಬ್ಬರು ಬೇಕು, 20ರಿಂದ 30 ನಿಮಿಷಕ್ಕೊಮ್ಮೆ ಸರದಿ ಬದಲಾಗುತ್ತದೆ. ಒಬ್ಬರೇ ಸಾಕೆಂದು ಉಳಿಸಿದ ಹಣ ಎರಡನೇ ಗಂಟೆಯ ತಪ್ಪುಗಳಲ್ಲಿ ಹೋಗುತ್ತದೆ. ಮಾತು ನಿಲ್ಲಿಸಿ ಅನುವಾದಿಸುವ ಕ್ರಮವಾದರೆ ಸಮಯ ಸುಮಾರು ಇಮ್ಮಡಿ ಬೇಕು, ಕಾರ್ಯಸೂಚಿಯನ್ನು ಅರ್ಧಕ್ಕಿಳಿಸಿ. ಸ್ಲೈಡು, ಹೆಸರುಗಳು, ಅಂಕಿಗಳು ಮೊದಲೇ ಕೈಸೇರಬೇಕು. ಎರಡೂ ಭಾಷೆ ಬಲ್ಲ ಉದ್ಯೋಗಿಯನ್ನು ಬಿಟ್ಟಿ ದುಭಾಷಿಯಾಗಿ ಕೂರಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಮೀಟಿಂಗಿನಲ್ಲಿ ಅವರ ಸ್ವಂತ ಅಭಿಪ್ರಾಯಕ್ಕೆ ಬಾಯಿಯೇ ಇರುವುದಿಲ್ಲ, ಮೇಜಿನ ಮೇಲಿನ ಅವರ ಕೆಲಸ ಹಾಗೇ ಉಳಿಯುತ್ತದೆ, ಮಾತುಕತೆ ಕೆಟ್ಟರೆ ಬೈಗುಳವೂ ಅವರಿಗೇ.

ನೇಮಕಾತಿಗೆ ಬರೋಣ. ‘ಎಕ್ಸಲೆಂಟ್ ಇಂಗ್ಲಿಷ್’ ಎಂಬ ಅರ್ಹತೆಗೆ ಅಳತೆಯಿಲ್ಲ. ಓದು, ಬರಹ, ಕೇಳುವಿಕೆ, ಮಾತು ಇವು ನಾಲ್ಕಕ್ಕೂ ಬೇರೆ ಬೇರೆ ಹಂತ ಬರೆಯಿರಿ. ಗೋದಾಮಿನ ದಾಸ್ತಾನು ನೋಡುವವರಿಗೆ ಓದು ಬಿ1, ಮಾತು ಎ2 ಸಾಕಾಗಬಹುದು. ಸಂದರ್ಶನದ ಮುಖ್ಯ ಪ್ರಶ್ನೆಗಳನ್ನು ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಕೊಟ್ಟು, ಕೆಲಸದ ಅಂಕವನ್ನೂ ಭಾಷೆಯ ಅಂಕವನ್ನೂ ಬೇರೆ ಬೇರೆ ಹಾಳೆಯಲ್ಲಿ ಹಾಕಿ. ಹೀಗೆ ಬೇರ್ಪಡಿಸಲು ಕಾರಣವಿದೆ. ಷಿಕಾಗೊ ವಿಶ್ವವಿದ್ಯಾಲಯದ ಶಿರಿ ಲೆವ್-ಆರಿ ಮತ್ತು ಬೋಆಜ್ ಕೈಸರ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ‘ಒಂಟೆಗಿಂತ ಜಿರಾಫೆ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು’ ಎಂಬಂಥ ವಾಕ್ಯಗಳನ್ನು ಬೇರೆ ಬೇರೆ ಉಚ್ಚಾರಣೆಯವರಿಂದ ಓದಿಸಿ ಕೇಳಿಸಿದ್ದರು. ಓದುವವರು ಬರೆದುಕೊಟ್ಟದ್ದನ್ನು ಓದುತ್ತಿದ್ದಾರಷ್ಟೇ ಎಂದು ಕೇಳುಗರಿಗೆ ತಿಳಿದಿದ್ದರೂ, ವಿದೇಶಿ ಉಚ್ಚಾರಣೆಯಲ್ಲಿ ಬಂದ ವಾಕ್ಯಗಳನ್ನು ಅವರು ಕಡಿಮೆ ನಂಬಿದರು. ನಿಮ್ಮ ಸಂದರ್ಶಕರಿಗೂ ಇದು ತಪ್ಪಿದ್ದಲ್ಲ. ಹಾಗೆಯೇ ಅರ್ಜಿಯ ನಮೂನೆ: ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎರಡೂ ಕಡ್ಡಾಯ ಮಾಡಿದರೆ ಒಂದೇ ಹೆಸರಿನವರು ಎರಡನೇ ಖಾನೆಯಲ್ಲಿ ಚುಕ್ಕಿ ಹಾಕುತ್ತಾರೆ, ಚೀನಾ, ಹಂಗರಿಯವರ ಕುಟುಂಬದ ಹೆಸರು ಮೊದಲು ಬರುತ್ತದಾದ್ದರಿಂದ ವೇತನದ ದಾಖಲೆ ಮತ್ತು ಪಾಸ್‌ಪೋರ್ಟ್ ಹೊಂದುವುದಿಲ್ಲ. ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ಣ ಹೆಸರಿಗೆ ಒಂದು ಖಾನೆ, ಹೇಗೆ ಕರೆಯಬೇಕು ಎಂಬುದಕ್ಕೆ ಇನ್ನೊಂದು, ಇಷ್ಟು ಸಾಕು.

ಕೊನೆಯದಾಗಿ ನಮ್ಮ ಕೋರಿಕೆಗಳು. ಈ ಕ್ರಮಕ್ಕೆ ಒಬ್ಬ ಹೊಣೆಗಾರರನ್ನೂ, ವಾರ್ಷಿಕ ಬಜೆಟ್ಟಿನಲ್ಲಿ ಒಂದು ಪ್ರತ್ಯೇಕ ಸಾಲನ್ನೂ ಕೊಡಿ. ಮೂರು ದೇಶಗಳಿಗಿಂತ ಹೆಚ್ಚು ಕಡೆಯವರಿರುವ ಒಂದು ತಂಡವನ್ನು ಆರಿಸಿ ಮೂರು ತಿಂಗಳು ನಡೆಸಿ ನೋಡಿ. ಅದಕ್ಕೆ ಮೊದಲಿನ ತಿಂಗಳಲ್ಲೇ ಎಣಿಕೆ ಶುರುವಾಗಲಿ: ಸ್ಪಷ್ಟನೆ ಕೇಳಿ ವಾಪಸು ಬಂದ ಮೇಲ್‌ಗಳೆಷ್ಟು, ತಪ್ಪು ತಿಳಿವಳಿಕೆಯಿಂದ ಮತ್ತೆ ಮಾಡಿದ ಕೆಲಸಗಳೆಷ್ಟು, ಪ್ರತಿ ಮೀಟಿಂಗಿನಲ್ಲಿ ಬಾಯಿ ತೆರೆದವರೆಷ್ಟು ಜನ. ವ್ಯವಸ್ಥಾಪಕರ ವಾರ್ಷಿಕ ಮೌಲ್ಯಮಾಪನದಲ್ಲಿ ‘ಇತರ ಭಾಷಿಕರಿಗೆ ತಿಳಿಯುವಂತೆ ವ್ಯವಹರಿಸುತ್ತಾರೆಯೇ’ ಎಂಬ ಅಂಶ ಸೇರಲಿ, ಅದಕ್ಕೆ ಅಂಕ ಕೊಡುವವರು ಆ ಇತರ ಭಾಷಿಕರೇ ಆಗಿರಲಿ. ತರಗತಿಗೆ ಹೋಗುವವರಿಗೆ ಕಲಿಕೆಯ ಗಂಟೆಗಳನ್ನು ಕೆಲಸದ ವೇಳೆಯಲ್ಲೇ, ಸಂಬಳ ಸಮೇತ ಕೊಡಿ. ರಾತ್ರಿ ಮನೆಯಲ್ಲಿ ಕೂತು ಕಲಿಯಿರಿ ಎನ್ನುವ ಯೋಜನೆಗಳು ಮಕ್ಕಳೂ ಮನೆಗೆಲಸವೂ ಇರುವವರನ್ನು ಮೊದಲ ತಿಂಗಳಲ್ಲೇ ಹೊರಗೆ ಹಾಕುತ್ತವೆ. ಅರ್ಧ ದಿನದ ತರಬೇತಿಗೆ ಮೊದಲ ತಂಡವಾಗಿ ಇಂಗ್ಲಿಷ್ ಮನೆಮಾತಿನ ಹಿರಿಯ ಅಧಿಕಾರಿಗಳನ್ನೇ ಕರೆಯಿರಿ. ಅವರದೇ ಹಳೆಯ ಹತ್ತು ಮೇಲ್‌ಗಳನ್ನು ಮೇಲಿನ ಅಳತೆಗಳಿಗೆ ತಕ್ಕಂತೆ ತಿರುಗಿ ಬರೆಸುವುದೇ ಪಠ್ಯಕ್ರಮ. ಬೇರೆ ಪುಸ್ತಕ ಕೊಳ್ಳುವ ಅಗತ್ಯವಿಲ್ಲ.

ಇಂತಿ,
ಅನುವಾದಕರು, ದುಭಾಷಿಗಳು, ತಾಂತ್ರಿಕ ಬರಹಗಾರರು ಮತ್ತು ಭಾಷಾ ತರಬೇತುದಾರರು